ಸುತ್ತು ದಾರಿಯೇ ಬೇಗ

ಎರಡು ಊರಿನ ಹೆಸರು ಕೊಟ್ಟು, ನಡುವೆ ವಿಮಾನದಲ್ಲಿ ಎಷ್ಟು ದೂರ, ಎಷ್ಟು ಹೊತ್ತು ಅಂತ ಕೇಳಿದರೆ ಮೊಬೈಲ್ ತಕ್ಷಣ ಹೇಳಿಬಿಡುತ್ತದೆ. ಹೆಚ್ಚಾಗಿ ಅದು ದೂರವನ್ನು ಗಂಟೆಗೆ 800–900 ಕಿ.ಮೀ. ಲೆಕ್ಕದಲ್ಲಿ ಭಾಗಿಸಿ, ಏರೋದಕ್ಕೆ ಇಳಿಯೋದಕ್ಕೆ ಅಂತ ಅರ್ಧ ಗಂಟೆ ಸೇರಿಸಿದ ಉತ್ತರ. ಶಾಲೆಯ ಗಣಿತದಲ್ಲಿ ಬರುತ್ತಿದ್ದ ರೈಲಿನ ಹಾಗೆ, ಈ ವಿಮಾನಕ್ಕೆ ಗಾಳಿ ಇಲ್ಲ, ಮೋಡ ಇಲ್ಲ, ಜಗಳವಾಡುವ ದೇಶಗಳೂ ಇಲ್ಲ.

ದೂರದ ಲೆಕ್ಕವನ್ನಾದರೂ ನಂಬೋಣ ಅಂತ ಗೋಡೆಯ ನಕ್ಷೆ ಮೇಲೆ ಸ್ಕೇಲ್ ಇಟ್ಟಿರೋ, ಕೆಟ್ಟಿರಿ. ಭೂಮಿ ಗುಂಡಗಿದೆ, ನಕ್ಷೆ ಚಪ್ಪಟೆ. ಗ್ಲೋಬ್ ತಗೊಂಡು ಒಂದು ದಾರ ಬಿಗಿಯಾಗಿ ಎಳೆದು ನೋಡಿ. ನ್ಯೂಯಾರ್ಕ್‌ನಿಂದ ಸಿಂಗಪುರಕ್ಕೆ ಎಳೆದ ದಾರ ಯುರೋಪಿನ ಕಡೆ ತಿರುಗಿಯೂ ನೋಡಲ್ಲ, ಸೀದಾ ಮೇಲಕ್ಕೆ ಹತ್ತಿ ಉತ್ತರ ಧ್ರುವದ ಪಕ್ಕದಲ್ಲೇ ಜಾರಿ ಆ ಕಡೆ ಇಳಿಯುತ್ತದೆ. ಸುಮಾರು 15,300 ಕಿ.ಮೀ. ಹಾಗಂತ ವಿಮಾನ ದಾರದ ಮೇಲೇ ಹೋಗಬೇಕು ಅಂತೇನೂ ಇಲ್ಲ.

ನನಗೆ ತುಂಬಾ ಇಷ್ಟವಾದ ಉದಾಹರಣೆ ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ. ಏರ್ ಇಂಡಿಯಾ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ಸುಮಾರು 13,900 ಕಿ.ಮೀ. 2016ರಲ್ಲಿ ಪೆಸಿಫಿಕ್ ಕಡೆಯಿಂದ ಹೊರಟಿತು. ಆಗ ದಾರಿ 15,300 ಕಿ.ಮೀ. ಆಯಿತು, ಆದರೆ ವಿಮಾನ ಹದಿನಾಲ್ಕೂವರೆ ಗಂಟೆಯಲ್ಲೇ ತಲುಪಿತು. ಹಳೆಯ ದಾರಿಗಿಂತ ಸುಮಾರು ಎರಡು ಗಂಟೆ ಬೇಗ! ಹತ್ತು ಕಿ.ಮೀ. ಎತ್ತರದಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುವ ಜೆಟ್ ಸ್ಟ್ರೀಮ್ ಗಾಳಿ ಮೊದಲು ಎದೆಗೆ ಹೊಡೆಯುತ್ತಿತ್ತು, ಈಗ ಬೆನ್ನಿಗೆ ಬಂತು, ಅಷ್ಟೇ. (ಭೂಮಿ ತಿರುಗೋದರಿಂದ ಕೆಳಗಿನ ಊರೇ ಹತ್ತಿರ ಬರುತ್ತೆ ಅಂತ ವಾದ ಮಾಡುವವರು ಎಲ್ಲ ಕಡೆ ಒಬ್ಬರು ಸಿಗುತ್ತಾರೆ. ಗಾಳಿಯೂ ಭೂಮಿ ಜೊತೆಗೇ ತಿರುಗುತ್ತೆ ಮಾರಾಯ್ರೇ!)

2020ರ ಫೆಬ್ರವರಿಯಲ್ಲಿ ಬಿರುಗಾಳಿ ಬೆನ್ನಿಗೆ ಸಿಕ್ಕಿ ಒಂದು ವಿಮಾನ ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದು ಇಳಿದಿತ್ತು. ಸಾಮಾನ್ಯವಾಗಿ ಆರೂವರೆ ಗಂಟೆ ಬೇಕು. ವಾಪಸ್ ಹೋಗೋದಕ್ಕೆ ಇನ್ನೂ ಜಾಸ್ತಿ.

ಗಾಳಿ ಹೋಗಲಿ, ಅದಕ್ಕೆ ಯಾರ ಹಂಗೂ ಇಲ್ಲ. 2022ರಲ್ಲಿ ರಷ್ಯಾ ತನ್ನ ಆಕಾಶವನ್ನು ಯುರೋಪಿನ ವಿಮಾನಗಳಿಗೆ ಮುಚ್ಚಿದ ಮೇಲೆ ಫಿನ್ಲೆಂಡಿನ ಹೆಲ್ಸಿಂಕಿಯಿಂದ ಟೋಕಿಯೋಗೆ ಹೋಗುವವರ ಗತಿ ನೋಡಿ. ಮೊದಲು ಒಂಬತ್ತು ಹತ್ತು ಗಂಟೆಯ ಪ್ರಯಾಣ, ಆಮೇಲೆ ಸುಮಾರು 13. ಎರಡು ಊರೂ ಇದ್ದಲ್ಲೇ ಇವೆ, ಒಂದಿಂಚೂ ಅಲುಗಿಲ್ಲ.

ಇಷ್ಟೆಲ್ಲ ಇರುವಾಗ ಟಿಕೆಟ್‌ನಲ್ಲಿ ಹೊರಡುವ, ತಲುಪುವ ಸಮಯವನ್ನು ನಿಮಿಷದ ಲೆಕ್ಕದಲ್ಲಿ ಹೇಗೆ ಬರೀತಾರೆ? ಮೊದಲನೆಯದಾಗಿ ಅದು ಗೇಟಿನಿಂದ ಗೇಟಿಗೆ ಹಾಕಿದ ಲೆಕ್ಕ, ರನ್‌ವೇಗೆ ಉರುಳಿಕೊಂಡು ಹೋಗೋ ಹೊತ್ತೂ ಅದರಲ್ಲೇ ಬಂತು. ಅದರ ಮೇಲೆ ಕಂಪನಿಯವರು ಇರಲಿ ಅಂತ ಒಂದಷ್ಟು ನಿಮಿಷ ಸೇರಿಸಿಕೊಂಡಿರುತ್ತಾರೆ. ಹಾಗಾಗಿ ಪೈಲಟ್ "ಇಪ್ಪತ್ತು ನಿಮಿಷ ಮೊದಲೇ ತಲುಪಿದ್ದೇವೆ" ಅಂತ ಹೆಮ್ಮೆಯಿಂದ ಹೇಳಿದರೆ ಸುಮ್ನೆ ಖುಷಿಪಡಬೇಡಿ. ಮುಂದಿನ ಮಾತು ಹೆಚ್ಚಾಗಿ ಗೇಟ್ ಇನ್ನೂ ಖಾಲಿಯಾಗಿಲ್ಲ, ದಯವಿಟ್ಟು ಕೂತಿರಿ ಅಂತಲೇ ಇರುತ್ತದೆ.