ಆಯೋಗ ಇದೆ, ಚುನಾವಣೆ ಎಲ್ಲಿ?

ತುಮಕೂರು ಜಿಲ್ಲೆಯ ಹತ್ತು ತಾಲ್ಲೂಕಿನಲ್ಲಿ ಯಾವ ಊರಿಗೆ ಬೇಕಾದರೂ ಹೋಗಿ, ಇಪ್ಪತ್ತೈದು ವರ್ಷದೊಳಗಿನ ಒಬ್ಬ ಹುಡುಗನನ್ನ ನಿಲ್ಲಿಸಿ "ನಿಮ್ಮ ಜಿಲ್ಲಾ ಪಂಚಾಯಿತಿ ಮೆಂಬರ್ ಯಾರಪ್ಪ?" ಅಂತ ಕೇಳಿ ನೋಡಿ. ಅವನಿಗೆ ಗೊತ್ತಿರಲ್ಲ. ಗೊತ್ತಿರಬೇಕಾಗಿಯೂ ಇಲ್ಲ, ಯಾಕಂದ್ರೆ ಅಂಥ ಮೆಂಬರ್ ಈಗ ಇಲ್ಲವೇ ಇಲ್ಲ. ರಾಜ್ಯದಲ್ಲಿ ಜಿಲ್ಲಾ ಮತ್ತು ತಾಲ್ಲೂಕು ಪಂಚಾಯಿತಿಗೆ ಕೊನೆಯ ಸಲ ಓಟು ಬಿದ್ದದ್ದು 2016ರ ಫೆಬ್ರವರಿಯಲ್ಲಿ. ಆಗ ಗೆದ್ದವರ ಅವಧಿ 2021ರಲ್ಲೇ ಮುಗಿಯಿತು. ಅಲ್ಲಿಂದ ಮುಂದೆ ಆಡಳಿತಾಧಿಕಾರಿಗಳದ್ದೇ ಕಾರುಬಾರು.

ಪಟ್ಟಣದ ಕಡೆಗೂ ಇದೇ ಕಥೆ. ತುಮಕೂರು ಮಹಾನಗರ ಪಾಲಿಕೆಯ 35 ವಾರ್ಡಿಗೆ ಚುನಾವಣೆ ಆಗಿದ್ದು 2018ರ ಆಗಸ್ಟ್ 31ಕ್ಕೆ. ಆ ಮಂಡಳಿಯ ಐದು ವರ್ಷ ಮುಗಿದ ಮೇಲೆ ಇಲ್ಲೂ ಆಡಳಿತಾಧಿಕಾರಿ ಬಂದರು. ಬೀದಿಯ ಒಳಚರಂಡಿ (ಯುಜಿಡಿ) ಚೇಂಬರ್ ಉಕ್ಕಿದರೆ ಮೊದಲು ಬೆಳಗ್ಗೆ ಆರಕ್ಕೇ ಕಾರ್ಪೊರೇಟರ್ ಮನೆ ಗೇಟು ಬಡಿಯಬಹುದಿತ್ತು. ಆಯಪ್ಪ ಬನಿಯನ್ನಿನಲ್ಲೇ ಹೊರಗೆ ಬಂದು ಬೈಸಿಕೊಂಡು, ನಮ್ಮೆದುರೇ ಫೋನ್ ಮಾಡಿ ಜೆಟ್ಟಿಂಗ್ ಮಷೀನ್ ಕರೆಸೋರು. ಅಧಿಕಾರಿಗಳು ಕೆಲಸ ಮಾಡಲ್ಲ ಅಂತ ನಾನು ಹೇಳ್ತಿಲ್ಲ. ಆದರೆ ಮುಂದಿನ ಸಲ ನಮ್ಮ ಓಟು ಕೇಳೋಕೆ ಬರಬೇಕಾದ ಅನಿವಾರ್ಯ ಅವರಿಗಿಲ್ಲ.

ಇಷ್ಟೆಲ್ಲ ಹೇಳಿದರೆ ಜನ ಕೇಳೋದು ಒಂದೇ ಪ್ರಶ್ನೆ. "ಮೇಷ್ಟ್ರೇ, ಎಲೆಕ್ಷನ್ ಕಮಿಷನ್ ಏನ್ ಮಾಡ್ತಿದೆ?"

ಮೊದಲು ಒಂದು ಗೊಂದಲ ಬಿಡಿಸೋಣ. ನಾವು ಟಿವಿಯಲ್ಲಿ ನೋಡೋ ದೆಹಲಿಯ ಆಯೋಗಕ್ಕೂ ಇದಕ್ಕೂ ಸಂಬಂಧ ಇಲ್ಲ. ಪಂಚಾಯಿತಿ, ಪುರಸಭೆ, ಪಾಲಿಕೆ ಚುನಾವಣೆ ನಡೆಸೋದು ರಾಜ್ಯ ಚುನಾವಣಾ ಆಯೋಗ. ಸಂವಿಧಾನದ 73 ಮತ್ತು 74ನೇ ತಿದ್ದುಪಡಿ ಜಾರಿಗೆ ಬಂದ 1993ರಲ್ಲೇ ನಮ್ಮಲ್ಲಿ ಇದು ಹುಟ್ಟಿತು. ಆಯುಕ್ತರನ್ನ ನೇಮಿಸೋರು ರಾಜ್ಯಪಾಲರು. ತೆಗೆಯಬೇಕಾದರೆ ಹೈಕೋರ್ಟ್ ನ್ಯಾಯಾಧೀಶರನ್ನ ತೆಗೆಯೋ ಕ್ರಮವೇ ಆಗಬೇಕು. ಮತದಾರರ ಪಟ್ಟಿಯಿಂದ ಹಿಡಿದು ಎಣಿಕೆವರೆಗೆ ಮೇಲ್ವಿಚಾರಣೆ, ನಿರ್ದೇಶನ, ನಿಯಂತ್ರಣ ಎಲ್ಲ ಇದರ ಕೈಲಿ ಅಂತ 243ಕೆ ವಿಧಿ ಹೇಳುತ್ತೆ. ಐದು ವರ್ಷ ಮುಗಿಯೋ ಮುಂಚೆಯೇ ಹೊಸ ಚುನಾವಣೆ ಮುಗಿದಿರಬೇಕು ಅಂತ 243ಇ ಹೇಳುತ್ತೆ. ಮಾಡಬಹುದು ಅಂತಲ್ಲ, ಮಾಡಲೇಬೇಕು.

ಇಷ್ಟು ಬಿಗಿ ಯಾಕೆ ಅಂದರೆ ಅದಕ್ಕೆ ನಮ್ಮ ರಾಜ್ಯದ ಚರಿತ್ರೆಯೇ ಸಾಕು. ಪಂಚಾಯತ್ ರಾಜ್ ಸಚಿವರಾಗಿದ್ದ ಅಬ್ದುಲ್ ನಜೀರ್ ಸಾಬ್ ಕಾಲದಲ್ಲಿ, 1987ರ ಜನವರಿಯಲ್ಲಿ, ಜಿಲ್ಲಾ ಪರಿಷತ್ತು ಮತ್ತು ಮಂಡಲ ಪಂಚಾಯಿತಿಗೆ ಚುನಾವಣೆ ಆಯ್ತು. ದೇಶವೇ ತಿರುಗಿ ನೋಡಿತು. ಐದು ವರ್ಷ ಕಳೆದು 1992 ಬಂದಾಗ ಸರ್ಕಾರ ಮತ್ತೆ ಚುನಾವಣೆ ಮಾಡಲಿಲ್ಲ, ಅಧಿಕಾರಿಗಳನ್ನ ಕೂರಿಸಿತು. ಅಂಥದ್ದು ಮತ್ತೆ ಆಗಬಾರದು ಅಂತಲೇ ಸಂವಿಧಾನದಲ್ಲಿ ಅವಧಿಯನ್ನೂ ಬರೆದರು, ಆಯೋಗವನ್ನೂ ಬರೆದರು. ಬರೆದು ಮೂವತ್ತು ವರ್ಷ ದಾಟಿದ ಮೇಲೂ ನಾವು ನೋಡ್ತಿರೋದು ಅದನ್ನೇ.

ದೇವರು ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಹಾಗಾಗಿದೆ. ಚುನಾವಣೆ ಘೋಷಿಸಬೇಕಾದರೆ ಆಯೋಗಕ್ಕೆ ಎರಡು ಕಾಗದ ಬೇಕು. ಒಂದು, ಕ್ಷೇತ್ರಗಳ ಗಡಿ. ಇನ್ನೊಂದು, ಯಾವ ಕ್ಷೇತ್ರ ಯಾರಿಗೆ ಮೀಸಲು ಅನ್ನೋ ಪಟ್ಟಿ. ಜಿಲ್ಲಾ, ತಾಲ್ಲೂಕು ಪಂಚಾಯಿತಿಗಳಿಗೆ 2021ರಲ್ಲಿ ಆಯೋಗವೇ ಗಡಿ ಹಾಕಿ, ಮೀಸಲಾತಿ ಕರಡನ್ನೂ ಹೊರಡಿಸಿತ್ತು. ಆಕಾಂಕ್ಷಿಗಳು ಫ್ಲೆಕ್ಸಿಗೆ ಫೋಟೊ ತೆಗೆಸೋಕೆ ಓಡಾಡ್ತಿದ್ದ ಹೊತ್ತಿಗೆ ಸರ್ಕಾರ ಕಾಯ್ದೆಗೆ ತಿದ್ದುಪಡಿ ತಂದು, ಆ ಎರಡೂ ಅಧಿಕಾರವನ್ನ ಆಯೋಗದಿಂದ ಕಿತ್ತುಕೊಂಡು ಸೀಮಾ ನಿರ್ಣಯ ಆಯೋಗ ಅಂತ ಬೇರೊಂದು ಮಾಡಿತು. ಅಷ್ಟರವರೆಗೆ ಆಗಿದ್ದ ಕೆಲಸವೆಲ್ಲ ಕಸದ ಬುಟ್ಟಿಗೆ ಹೋಯಿತು. ರಾಜ್ಯ ಚುನಾವಣಾ ಆಯೋಗ ಹೈಕೋರ್ಟಿಗೆ ಹೋಗಬೇಕಾಯಿತು. ಕೆಲಸ ಮುಗಿಸದೆ ಸತಾಯಿಸಿದ್ದಕ್ಕೆ 2022ರ ಡಿಸೆಂಬರಿನಲ್ಲಿ ಹೈಕೋರ್ಟ್ ಸರ್ಕಾರಕ್ಕೆ 5 ಲಕ್ಷ ದಂಡ ಹಾಕಿತು. ಸರ್ಕಾರಕ್ಕೆ 5 ಲಕ್ಷ ಯಾವ ಲೆಕ್ಕ ಬಿಡಿ, ಕಟ್ಟೋದೂ ನಮ್ಮ ದುಡ್ಡೇ.

ತಿದ್ದುಪಡಿ ತಂದಾಗ ಇದ್ದದ್ದು ಬಿಜೆಪಿ ಸರ್ಕಾರ. 2023ರಲ್ಲಿ ಕಾಂಗ್ರೆಸ್ ಬಂತು. ಓಟು ಮಾತ್ರ ಬರಲಿಲ್ಲ. ಹಾಗಾಗಿ ಕಾಮೆಂಟಿನಲ್ಲಿ ಯಾರೂ ಪಕ್ಷದ ಬಾವುಟ ಹಿಡಿದು ಬರಬೇಡಿ. ಜಿಲ್ಲಾ ಪಂಚಾಯಿತಿ ಅಧ್ಯಕ್ಷ ಕೂತರೆ ತನ್ನ ಮಾತು ಕಮ್ಮಿಯಾಗುತ್ತೆ ಅನ್ನೋ ಭಯ ಎಲ್ಲ ಪಕ್ಷದ ಎಂಎಲ್ಎಗೂ ಇದೆ. ಇದು ನನ್ನ ಅಭಿಪ್ರಾಯ, ಒಪ್ಪದಿದ್ದರೆ ಬೇರೆ ಕಾರಣ ಹೇಳಿ.

ಮೀಸಲಾತಿ ಪಟ್ಟಿ ಎಷ್ಟು ದೊಡ್ಡ ಅಸ್ತ್ರ ಅನ್ನೋದು ಪುರಸಭೆಗಳಲ್ಲಿ ಇನ್ನೂ ಚೆನ್ನಾಗಿ ಕಾಣುತ್ತೆ. ಅಲ್ಲಿ ಅಧ್ಯಕ್ಷ, ಉಪಾಧ್ಯಕ್ಷ ಸ್ಥಾನದ ಮೀಸಲಾತಿ ಹೊರಡಿಸೋದು ಸರ್ಕಾರ. 2018ರಲ್ಲಿ ಗೆದ್ದ ಎಷ್ಟೋ ಸದಸ್ಯರು ಸರ್ಟಿಫಿಕೇಟ್ ಬೀರುವಿನಲ್ಲಿಟ್ಟುಕೊಂಡು 2020ರ ಕೊನೆವರೆಗೆ ಅಧ್ಯಕ್ಷರ ಆಯ್ಕೆಗೆ ಕಾದರು. ಪಟ್ಟಿ ಬರೋದು, ಕೋರ್ಟಿಗೆ ಹೋಗೋದು, ಮತ್ತೆ ಪಟ್ಟಿ ಬರೋದು. ಅಧ್ಯಕ್ಷರ ಅವಧಿ ಎರಡೂವರೆ ವರ್ಷದ್ದು, ಅದರ ಎರಡನೇ ಅವಧಿಯ ಪಟ್ಟಿ ಬಂದಿದ್ದು 2024ರ ಆಗಸ್ಟಿನಲ್ಲಿ. ಮತ ಎಣಿಸಿ ಗೆದ್ದವರ ಹೆಸರು ಹೇಳೋದಕ್ಕೆ ಆಯೋಗದ ಕೆಲಸ ಮುಗಿಯಿತು. ಆಮೇಲೆ ಅದಕ್ಕೆ ಬಾಯಿಯೇ ಇಲ್ಲ.

ಆಯೋಗಕ್ಕೆ ಕೈಯೂ ಸ್ವಂತದ್ದಲ್ಲ. ಜಿಲ್ಲಾ ಚುನಾವಣಾಧಿಕಾರಿ ಅಂದರೆ ನಮ್ಮ ಡಿಸಿಯೇ. ಕೆಳಗೆ ತಹಶೀಲ್ದಾರ್, ಅದರ ಕೆಳಗೆ ನಮ್ಮಂಥ ಮೇಷ್ಟ್ರುಗಳು. 2020ರ ಡಿಸೆಂಬರಿನ ಗ್ರಾಮ ಪಂಚಾಯಿತಿ ಚುನಾವಣೆಯಲ್ಲಿ ಗುಬ್ಬಿ ಕಡೆಯ ಒಂದು ಬೂತಿಗೆ ನಾನೇ ಪಿಆರ್‌ಒ, ಅಂದರೆ ಮತಗಟ್ಟೆಯ ಮುಖ್ಯ ಅಧಿಕಾರಿ. ಪೆಟ್ಟಿಗೆಗೆ ಸೀಲು ಹಾಕೋದು, ಸಹಿ ಮಾಡಿದ ಮತಪತ್ರ ಹರಿದು ಕೊಡೋದು, ಬಾಣದ ಗುರುತಿನ ರಬ್ಬರ್ ಸ್ಟ್ಯಾಂಪಿನ ಮಸಿ ಒಣಗದಂತೆ ನೋಡಿಕೊಳ್ಳೋದು. ಮತಪತ್ರವನ್ನ ಮೊದಲು ಉದ್ದಕ್ಕೆ ಮಡಚಿ ಆಮೇಲೆ ಅಡ್ಡ ಮಡಚಬೇಕು, ಇಲ್ಲದಿದ್ದರೆ ಮಸಿ ಇನ್ನೊಬ್ಬರ ಚಿಹ್ನೆ ಮೇಲೆ ಅಂಟಿ ಓಟು ಕುಲಗೆಡುತ್ತೆ. ಒಂದೇ ವಾರ್ಡಿನಲ್ಲಿ ಎರಡು ಮೂರು ಸೀಟಿದ್ದರೆ ಅಷ್ಟು ಓಟು ಹಾಕಬಹುದು. ಅಜ್ಜಿಯೊಬ್ಬರು "ಮೂರೂ ಒಬ್ಬನಿಗೇ ಒತ್ತಿದ್ರೆ ಆಗಲ್ವಾ ಸಾಮಿ, ನನ್ ತಮ್ಮನ್ ಮಗ ನಿಂತವ್ನೆ" ಅಂತ ಕೇಳಿದ್ದರು. ಮಾಸ್ಕ್, ಸ್ಯಾನಿಟೈಸರ್ ನಡುವೆ ಜನ ಸಾಲುಗಟ್ಟಿ ನಿಂತರು. ಕೊರೋನಾ ಅಂತ ಆ ವರ್ಷ ಮೇ ತಿಂಗಳಲ್ಲಿ ಮುಂದೂಡಿದ್ದು ಇದೇ ಆಯೋಗ ಅನ್ನೋದನ್ನೂ ಹೇಳಬೇಕು. ಹೈಕೋರ್ಟ್ ಚಾಟಿ ಬೀಸಿದ ಮೇಲೇ ದಿನಾಂಕ ಬಂತು.

ಹಾಗಾಗಿ ಆಯೋಗವನ್ನ ಹೊತ್ತು ಮೆರೆಸೋ ಉದ್ದೇಶ ನನಗಿಲ್ಲ. ಹಿಂದೆ ತಾಲ್ಲೂಕು ಪಂಚಾಯಿತಿ ಸದಸ್ಯರಾಗಿದ್ದ ಸ್ನೇಹಿತರೊಬ್ಬರು ಮೊನ್ನೆ ಹೇಳಿದರು: "ಆಯುಕ್ತರ ಹೆಸರು ಕಳಿಸೋದು ಸರ್ಕಾರವೇ ತಾನೆ ಮೇಷ್ಟ್ರೇ, ರಿಟೈರ್ ಆದ ಅಧಿಕಾರಿಗೆ ಇನ್ನೊಂದು ಕುರ್ಚಿ." ಮಾತಿನಲ್ಲಿ ಹುರುಳಿದೆ. ಗೋವಾದಲ್ಲಿ ಸರ್ಕಾರದ ಕಾನೂನು ಕಾರ್ಯದರ್ಶಿಗೇ ಈ ಹುದ್ದೆಯ ಹೆಚ್ಚುವರಿ ಹೊಣೆ ಕೊಟ್ಟಿದ್ದರು. ಸರ್ಕಾರಿ ನೌಕರಿಯಲ್ಲಿ ಇರೋರು ಆಯುಕ್ತರಾಗುವ ಹಾಗಿಲ್ಲ ಅಂತ 2021ರಲ್ಲಿ ಸುಪ್ರೀಂ ಕೋರ್ಟ್ ಹೇಳಬೇಕಾಯಿತು. ವಿರೋಧ ಪಕ್ಷದ ನಾಯಕರೂ ಇರೋ ಸಮಿತಿಯೊಂದು ಆಯುಕ್ತರನ್ನ ಆರಿಸಲಿ. ಆದರೆ ಅದಕ್ಕಿಂತ ಮೊದಲು ಗಡಿ ಮತ್ತು ಮೀಸಲಾತಿ, ಆ ಎರಡು ಕಾಗದ ಆಯೋಗಕ್ಕೆ ವಾಪಸ್ ಬರಲಿ. ಆಯೋಗ ತಪ್ಪಿದರೆ ಕೋರ್ಟಿದೆ. ಸರ್ಕಾರ ತಪ್ಪಿದರೂ ಕೋರ್ಟಿದೆ ಅಂತೀರಾ? ಇದೆ, ಆದರೆ ಚುನಾವಣೆ ಎದುರಿಸಬೇಕಾದವರೇ ಚುನಾವಣೆ ತಡ ಮಾಡಿದರೆ ಲಾಭ ಅವರಿಗೇ. ಆಯೋಗಕ್ಕೆ ತಡ ಮಾಡಿ ಸಿಗೋದೇನಿದೆ?

2025ರ ಸೆಪ್ಟೆಂಬರಿನಲ್ಲಿ ಸಚಿವ ಸಂಪುಟ ಸ್ಥಳೀಯ ಚುನಾವಣೆಗೆ ಮತಪತ್ರವೇ ಇರಲಿ ಅಂತ ಶಿಫಾರಸು ಮಾಡಿದಾಗಿನಿಂದ, ಟೀ ಅಂಗಡಿಗಳಲ್ಲಿ ಮಷೀನೋ ಪೇಪರೋ ಅಂತ ಜಗಳ. ಎರಡರಲ್ಲೂ ಡ್ಯೂಟಿ ಮಾಡಿರೋ ನಾನು ಹೇಳೋದು, ಮೊದಲು ತಾರೀಕು ಕೊಡಿ, ಆಮೇಲೆ ಜಗಳ ಆಡೋಣ. ಚುನಾಯಿತ ಮಂಡಳಿ ಇಲ್ಲದ ಕಡೆಗೆ ಕೇಂದ್ರದ 15ನೇ ಹಣಕಾಸು ಆಯೋಗದ ಅನುದಾನ ಸಿಗುವ ಹಾಗಿರಲಿಲ್ಲ ಅನ್ನೋದು ಆ ಜಗಳದಲ್ಲಿ ಯಾರ ಬಾಯಲ್ಲೂ ಬರಲ್ಲ.

ನಮ್ಮ ಕೈಲಿರೋದು ಒಂದು ಚಿಕ್ಕ ಕೆಲಸ. ಕ್ಷೇತ್ರದ ಗಡಿಯದ್ದಾಗಲಿ, ಮೀಸಲಾತಿಯದ್ದಾಗಲಿ, ಕರಡು ಬಂದಾಗ ಆಕ್ಷೇಪಣೆಗೆ ಕೆಲವೇ ದಿನ ಕೊಡ್ತಾರೆ. ಸಾಮಾನ್ಯವಾಗಿ ಅರ್ಜಿ ಹಾಕೋರು ಟಿಕೆಟ್ ಆಕಾಂಕ್ಷಿಗಳು ಮಾತ್ರ. ನಿಮ್ಮೂರು ಯಾವ ಕ್ಷೇತ್ರಕ್ಕೆ ಸೇರಿದೆ, ಪಕ್ಕದ ಊರು ಬಿಟ್ಟು ಎಲ್ಲೋ ದೂರದ ಹೋಬಳಿಗೆ ಹಚ್ಚಿದ್ದಾರಾ, ಕಳೆದ ಸಲದ ಮೀಸಲಾತಿಯೇ ಮತ್ತೆ ಬಂದಿದೆಯಾ ನೋಡಿ. ತಪ್ಪು ಕಂಡರೆ ವಾಟ್ಸಾಪಿನಲ್ಲಿ ಬೈಯ್ಯೋ ಬದಲು ಒಂದು ಬಿಳಿ ಹಾಳೆಯಲ್ಲಿ ಬರೆದು ಕೊಟ್ಟು, ನಕಲಿನ ಮೇಲೆ ಸೀಲು, ತಾರೀಕು ಹಾಕಿಸಿಕೊಳ್ಳಿ. ನಾಳೆ ಕೋರ್ಟಿನ ಮುಂದೆ ನಿಲ್ಲೋದು ಅದೇ ಕಾಗದ. ಬರೆಯೋದು ಹೇಗೆ ಅಂತ ಗೊತ್ತಾಗದಿದ್ದರೆ ಇನ್‌ಬಾಕ್ಸಿಗೆ ಬನ್ನಿ, ಸಂಜೆ ಹೊತ್ತು ನಾನು ಬಿಡುವಾಗೇ ಇರ್ತೀನಿ.