ಬೆಂಗಳೂರಿನ ಮಹಾಜ್ಞಾನಿ ಜೆಸಿಬಿ ಡ್ರೈವರ್

ಬೆಂಗಳೂರಲ್ಲಿ ಯಾವ ರಸ್ತೆ ಕೆಳಗೆ ಏನಿದೆ ಅಂತ ಪೂರ್ತಿ ಗೊತ್ತಿರೋನು ಜೆಸಿಬಿ ಡ್ರೈವರ್ ಒಬ್ನೇ. ಯಾಕಂದ್ರೆ ಎಲ್ಲ ಇಲಾಖೆಗೂ ಕೆಲಸ ಮಾಡೋನು ಅವನೊಬ್ನೇ ನೋಡಿ, ಈ ವಾರ ಜಲಮಂಡಳಿ ಪೈಪಿಗೆ ಅಗೀತಾನೆ, ಮುಂದಿನ ವಾರ ಬೆಸ್ಕಾಂ ಕೇಬಲ್ಲಿಗೆ, ಅದಾದ್ಮೇಲೆ ಯಾವ್ದೋ ಫೈಬರ್ ಕಂಪನಿಗೆ. ಬಕೆಟ್ ಇಳಿಸೋ ಮುಂಚೆನೇ "ಸಾರ್, ಇಲ್ಲಿ ಯುಜಿಡಿ, ಅದೇ ಒಳಚರಂಡಿ ಚೇಂಬರ್ ಐತೆ, ಹೋದ್ವರ್ಷ ನಾನೇ ಮುಚ್ಚಿದ್ದು" ಅಂತಾನೆ. ಎಇ, ಅಂದ್ರೆ ಅಸಿಸ್ಟೆಂಟ್ ಇಂಜಿನಿಯರ್ ಸಾಹೇಬ್ರು "ಡ್ರಾಯಿಂಗಲ್ಲಿ ಇಲ್ವಲ್ಲಪ್ಪಾ, ನೀನು ಅಗಿ" ಅಂತಾರೆ. ಅಗೀತಾನೆ. ಆಮೇಲೆ ಇಡೀ ಬೀದಿ ಮೂಗು ಮುಚ್ಕೋಬೇಕು, ಡ್ರಾಯಿಂಗಲ್ಲಿ ಇಲ್ದೇ ಇರೋ ವಾಸನೆಗೆ.

ಸರಿ, ಈ ವಿಷಯ ಮೇಲಕ್ಕೆ ಹೋಗ್ಬೇಕಲ್ಲ? ಎಇ ಬರೆಯೋವಾಗ "ಚೇಂಬರ್ ಒಡೆದಿದೆ", ಅವ್ರ ಮೇಲಿನ ಇಂಜಿನಿಯರ್ ಎಇಇ ಟೇಬಲ್ ದಾಟೋವಾಗ "ಚೇಂಬರಿಗೆ ಅಲ್ಪ ಪ್ರಮಾಣದ ಹಾನಿ", ಇನ್ನೂ ಮೇಲಿನ ಇಇ, ಎಸ್‌ಇ ಎಲ್ಲ ದಾಟಿ ಚೀಫ್ ಇಂಜಿನಿಯರ್ ಹತ್ರ ಹೋಗೋ ಹೊತ್ತಿಗೆ "ಕಾಮಗಾರಿ ಪ್ರಗತಿಯಲ್ಲಿದೆ". ಇದ್ರಲ್ಲಿ ಯಾರೂ ಸುಳ್ಳು ಹೇಳಿಲ್ಲ ಅಂತಿಟ್ಕೊಳ್ಳಿ. ಎಡವಟ್ಟಾಯ್ತು ಅಂತ ಬರೆದೋನಿಗೆ ನೋಟಿಸ್ ಬರೋ ಕಡೆ ಯಾವ ಪುಣ್ಯಾತ್ಮ ಬರೀತಾನೆ ಹೇಳಿ.

ಹೋಗ್ಲಿ, ಆ ಎಇ ಆದ್ರೂ ಪಾಠ ಕಲಿತ್ರಲ್ಲ ಅಂದ್ರೆ, ಕಲಿಯೋ ಹೊತ್ತಿಗೆ ಸರಿಯಾಗಿ ಟ್ರಾನ್ಸ್‌ಫರ್. ಚಾರ್ಜ್ ಕೊಡೋವಾಗ ಲಿಸ್ಟಲ್ಲಿ ಕುರ್ಚಿ ಇರುತ್ತೆ, ಬೀರು ಇರುತ್ತೆ, ಕೆಟ್ಟೋಗಿರೋ ಪ್ರಿಂಟರ್ ಕೂಡ ಇರುತ್ತೆ, ಚೇಂಬರ್ ಎಲ್ಲಿದೆ ಅನ್ನೋದು ಮಾತ್ರ ಇರಲ್ಲ. ಹೊಸಬ್ರು ಬರ್ತಾರೆ, ಅದೇ ಡ್ರಾಯಿಂಗ್ ಬಿಚ್ತಾರೆ, ಡ್ರೈವರ್ ಮತ್ತೆ "ಸಾರ್..." ಅಂತಾನೆ.

ಇದಕ್ಕೆ ಸರ್ಕಾರ ಕಂಡ್ಕೊಂಡಿರೋ ಮದ್ದು ಏನಪ್ಪಾ ಅಂದ್ರೆ ಬೋರ್ಡ್ ಬದಲಾಯಿಸೋದು. 2007ರಲ್ಲಿ ಇದ್ದ ಪಾಲಿಕೆಗೆ ಏಳು ನಗರಸಭೆ, ಒಂದು ಪುರಸಭೆ, 110 ಹಳ್ಳಿ ಎಲ್ಲ ಸೇರಿಸಿ ಬಿಬಿಎಂಪಿ ಮಾಡಿದ್ರು, ದೊಡ್ಡದಾದ್ರೆ ಸರಿಹೋಗುತ್ತೆ ಅಂತ. 2020ರ ಸೆಪ್ಟೆಂಬರಲ್ಲಿ ಕಾರ್ಪೊರೇಟರುಗಳ ಅವಧಿ ಮುಗೀತು, ಎಲೆಕ್ಷನ್ನೇ ಮಾಡ್ಲಿಲ್ಲ, ಬೈಯೋಕೆ ಅಂತ ಬೀದಿಗೊಬ್ರು ಸಿಗ್ತಿದ್ರು, ಅವ್ರೂ ಹೋದ್ರು. 2025ರ ಸೆಪ್ಟೆಂಬರಲ್ಲಿ ದೊಡ್ಡದಾಗಿದ್ದೇ ತಪ್ಪು ಅಂತ ಗೊತ್ತಾಗಿ ಐದು ಹೋಳು ಮಾಡಿ, ಐದರ ತಲೆ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಕೂರಿಸಿದ್ರು. ಅದಕ್ಕೆ ಸಿಎಂ ಅವ್ರೇ ಅಧ್ಯಕ್ಷರು, ಅಂದ್ರೆ ಚೇಂಬರ್ ವಿಷಯ ಹತ್ತೋಕೆ ಇನ್ನೊಂದಷ್ಟು ಮೆಟ್ಲು. ಜಲಮಂಡಳಿ, ಬೆಸ್ಕಾಂ ಇದ್ದಂಗೇ ಇವೆ. ಮುಂಚೆ ಒಂದು ಪಾಲಿಕೆ ಜೊತೆ ಮಾತಾಡದೇ ಇದ್ರೆ ಸಾಕಾಗ್ತಿತ್ತು, ಈಗ ಐದರ ಜೊತೆ ಮಾತಾಡದೇ ಇರ್ಬೇಕು, ಪಾಪ ಕೆಲಸ ಜಾಸ್ತಿ ಆಯ್ತು.

ಇನ್ನು ಹಳೇ ಕಡತಗಳ ಪಾಲು ಬೇರೆ. ರಸ್ತೆ ಒಂದು ಪಾಲಿಕೆಗೆ, ಅದರ ಫೈಲ್ ಇನ್ನೊಂದು ಪಾಲಿಕೆಗೆ ಹೋದ್ರೂ ಗಾಬರಿ ಬೀಳ್ಬೇಡಿ, ಅವೆರಡೂ ಒಂದನ್ನೊಂದು ಯಾವತ್ತೂ ಭೇಟಿನೇ ಆಗಿರ್ಲಿಲ್ಲ.