ಹಸಿರು ಬಕೆಟ್ಟಿನ ಡಯಟ್ ಚಾರ್ಟ್

ನಮ್ಮ ಮನೆಯಲ್ಲಿ ಎಲ್ಲರಿಗಿಂತ ಪಥ್ಯವಾಗಿ ತಿನ್ನುವವರು ಯಾರು ಅಂತ ಕೇಳಿದರೆ ನಾನು ಹೆಂಡತಿಯ ಹೆಸರು ಹೇಳುವುದಿಲ್ಲ. ಜಿಮ್ಮಿಗೆ ಹೋಗುವ ಮಗನ ಹೆಸರನ್ನೂ ಹೇಳುವುದಿಲ್ಲ. ಸಿಂಕಿನ ಪಕ್ಕ ಸುಮ್ನೆ ಕೂತಿರುವ ಹಸಿರು ಬಕೆಟ್ಟಿನ ಕಡೆ ಕೈ ತೋರಿಸುತ್ತೇನೆ.

ಕಳೆದ ವಾರ ಅದು ಏನೇನು ತಿಂದಿತು ನೋಡಿ. ಸೋಮವಾರ ಅರ್ಧ ಬ್ರೊಕೋಲಿ. ಮಂಗಳವಾರ ಮೊಳಕೆ ಕಟ್ಟಿದ ಹೆಸರುಕಾಳು. ಮೊಳಕೆ ಸ್ವಲ್ಪ ಜಾಸ್ತಿಯೇ ಬಂದು, ಇನ್ನೆರಡು ದಿನ ಬಿಟ್ಟಿದ್ದರೆ ಹೂ ಬಿಡುತ್ತಿತ್ತು. ಬುಧವಾರ ಒಂದು ಕಟ್ಟು ಪಾಲಕ್, ಜೊತೆಗೆ ಡ್ರ್ಯಾಗನ್ ಫ್ರೂಟ್. ಗುರುವಾರ ನೆನೆಸಿಟ್ಟ ಊದಲು. ಶುಕ್ರವಾರ ಹೊಟ್ಟೆಗೆ ಹಗುರವಾಗಿರಲಿ ಅಂತ ಓಟ್ಸ್ ಗಂಜಿ. ಎಣ್ಣೆ ಇಲ್ಲ, ಸಕ್ಕರೆ ಇಲ್ಲ, ಮೈದಾ ಮುಟ್ಟುವುದೇ ಇಲ್ಲ.

ಅದೇ ವಾರ ನಾವು ತಿಂದಿದ್ದು ಗೋಬಿ ಮಂಚೂರಿ, ಮಸಾಲೆ ಪುರಿ, ಬೆಣ್ಣೆ ದೋಸೆ, ಬಿರಿಯಾನಿ. ಒಂದು ಅಗುಳೂ ಉಳಿಯಲಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮ ರಾಜ್ಯ ಸರ್ಕಾರ ಗೋಬಿಗೆ ಹಾಕುವ ಕೃತಕ ಬಣ್ಣ ನಿಷೇಧಿಸಿದ ಮೇಲೆ ಅದೂ ತರಕಾರಿ ಲೆಕ್ಕಕ್ಕೇ ಬರುತ್ತದೆ ಅನ್ನುವುದು ಮಗನ ವಾದ.

ಊಟ ಬಲ್ಲವನಿಗೆ ರೋಗವಿಲ್ಲ ಅಂತ ಗಾದೆ. ನಮ್ಮ ಬಕೆಟ್ಟಿಗೆ ಇವತ್ತಿನವರೆಗೆ ಒಂದು ನೆಗಡಿಯೂ ಬಂದಿಲ್ಲ.

ಬೆಂಗಳೂರಿನ ನಮ್ಮ ರಸ್ತೆಗೆ ಕಸದ ಆಟೋ ಬರುವುದು ಬೆಳಿಗ್ಗೆ ಏಳೂಕಾಲಿಗೆ. ಮೊದಲೆಲ್ಲ ಸುಖವಿತ್ತು. ಎಲ್ಲವನ್ನೂ ಒಂದು ಕಪ್ಪು ಕವರಿಗೆ ತುಂಬಿ, ಗಂಟು ಬಿಗಿದು ಎಸೆದರೆ ಯಾರ ಮನೆಯ ಗುಟ್ಟು ಯಾರಿಗೂ ಗೊತ್ತಾಗುತ್ತಿರಲಿಲ್ಲ. ಆಮೇಲೆ ನಗರದ ಕಸವೆಲ್ಲ ಹೋಗಿ ಬೀಳುತ್ತಿದ್ದ ಮಾವಳ್ಳಿಪುರದವರು, ಮಂಡೂರಿನವರು ನಿಮ್ಮ ಕಸ ನಮ್ಮೂರಿಗೆ ಬೇಡ ಅಂತ ರಸ್ತೆಗಿಳಿದರು. ಹೈಕೋರ್ಟ್ ಮನೆಯಲ್ಲೇ ಕಸ ಬೇರ್ಪಡಿಸಿ ಅಂದಿತು. 2015ರಲ್ಲಿ ಎರಡು ಬಕೆಟ್, ಒಂದು ಚೀಲ, ಹಸಿ ಕಸಕ್ಕೆ ಹಸಿರು ಬಕೆಟ್ ಅಂತ ಬಿಡಿಸಿಯೇ ಹೇಳಿತು. ಹಸಿ ಕಸವನ್ನು ಪ್ಲಾಸ್ಟಿಕ್ ಕವರಿನಲ್ಲಿ ಮುಚ್ಚಿ ಕೊಡುವ ಹಾಗಿಲ್ಲ. ಅಲ್ಲಿಗೆ ಬಡಾವಣೆಯ ಮಾನ ಬೀದಿಗೆ ಬಂತು. ಶುಗರ್ ಇದೆ, ಮಾವಿನಹಣ್ಣು ಮುಟ್ಟಲ್ಲ ಅನ್ನುವ ಎದುರು ಮನೆಯ ಅಂಕಲ್ ಬಕೆಟ್ಟಿನಲ್ಲಿ ಮೇ ತಿಂಗಳ ಒಂದು ದಿನ ನಾನೇ ಒಂಬತ್ತು ವಾಟೆ ಎಣಿಸಿದ್ದೇನೆ. ನಾನು ಅವರ ಬಕೆಟ್ ನೋಡಿದೆ, ಅವರು ನನ್ನ ಬಕೆಟ್ ನೋಡಿದರು. ಇಬ್ಬರೂ ಹವಾಮಾನದ ಬಗ್ಗೆ ಮಾತಾಡಿದೆವು.

ಆಟೋ ಹಿಂದೆ ನಿಂತು ಬಕೆಟ್ ತಗೊಳ್ಳುವ ಅಕ್ಕ ಒಬ್ಬರಿದ್ದಾರೆ. ಇಡೀ ರಸ್ತೆಯ ಹೊಟ್ಟೆಯ ಚರಿತ್ರೆ ಅವರ ಬಾಯಲ್ಲಿದೆ. ಒಂದು ದಿನ ನನ್ನ ಬಕೆಟ್ ಮಗುಚುತ್ತಾ, "ನಿಮ್ಮನೇಲಿ ಸೊಪ್ಪು ಚೆನ್ನಾಗ್ ತರ್ತೀರಾ ಸಾ" ಅಂದರು. ನಾನು ಹಿಗ್ಗಿದೆ. ಮನೆಗೆ ಬಂದು ಕಾಫಿ ಕುಡಿಯುವಾಗ ಹೊಳೆಯಿತು. ಅವರು "ತಿಂತೀರಾ" ಅನ್ನಲಿಲ್ಲ, "ತರ್ತೀರಾ" ಅಂದರು.

ಫ್ರಿಜ್ ಹೊಸದಾಗಿ ಬಂದ ಕಾಲದಲ್ಲಿ ಹಳಬರು ಅದನ್ನು ತಂಗಳು ಪೆಟ್ಟಿಗೆ ಅಂತ ಆಡಿಕೊಳ್ಳುತ್ತಿದ್ದರು. ಪಾಪ, ಅವರಿಗೇನು ಗೊತ್ತು? ಅದರಲ್ಲಿಟ್ಟ ತಂಗಳನ್ನು ಜನ ತಿನ್ನುತ್ತಾರೆ ಅಂದುಕೊಂಡಿದ್ದರು. ಅದು ತಿನ್ನುವುದಕ್ಕಲ್ಲ, ಕಾಯುವುದಕ್ಕೆ. ಉಳಿದ ಪಲ್ಯವನ್ನು ಬಾಣಲೆಯಿಂದ ನೇರ ಬಕೆಟ್ಟಿಗೆ ಸುರಿದರೆ ಅನ್ನದೇವರಿಗೆ ಮಾಡುವ ಅಪಚಾರ. ಅದನ್ನೇ ಡಬ್ಬಿಗೆ ಹಾಕಿ, ಮುಚ್ಚಳ ಒತ್ತಿ, ನಾಲ್ಕು ದಿನ ಹಿಂದಿನ ಸಾಲಿನಲ್ಲಿಟ್ಟು, ಐದನೇ ದಿನ ಮೂಸಿ ನೋಡಿ ಸುರಿದರೆ "ಅಯ್ಯೋ, ಕೆಟ್ಟೋಯ್ತಲ್ಲ!" ಮೊದಲನೆಯದರಲ್ಲಿ ತಪ್ಪು ನಮ್ಮದು. ಎರಡನೆಯದರಲ್ಲಿ ತಪ್ಪು ಪಲ್ಯದ್ದು.

ನಮ್ಮ ಅಜ್ಜಿಗೆ ಈ ನಾಜೂಕು ಗೊತ್ತಿರಲಿಲ್ಲ. ಹೀರೆಕಾಯಿ ಸಿಪ್ಪೆ ಚಟ್ನಿಯಾಗುತ್ತಿತ್ತು. ಕಲ್ಲಂಗಡಿಯ ಬಿಳಿ ಭಾಗ ದೋಸೆಯಾಗುತ್ತಿತ್ತು. ಹಲಸಿನ ಬೀಜವನ್ನು ಮಣ್ಣು ಸವರಿ ಎತ್ತಿಟ್ಟು ಮಳೆಗಾಲದ ಹುಳಿಗೆ ಹಾಕುತ್ತಿದ್ದರು. ಹುಳಿ ಬಂದ ದೋಸೆ ಹಿಟ್ಟಿಗೆ ಈರುಳ್ಳಿ ಹೆಚ್ಚಿ ಹಾಕಿದರೆ ಪಡ್ಡು. ಇಷ್ಟೆಲ್ಲ ದಾಟಿ ಬಂದಿದ್ದು ಕಲಗಚ್ಚಿನ ಬಾನಿಗೆ, ಅಲ್ಲಿಂದ ಹಸುವಿಗೆ. ಕಸದ ಬುಟ್ಟಿಗೆ ಅಂತ ಅಡುಗೆಮನೆಯಲ್ಲಿ ಏನೂ ಮಿಗುತ್ತಿರಲಿಲ್ಲ. ರಾತ್ರಿಯ ಅನ್ನಕ್ಕೆ ನೀರು ಹಾಕಿಟ್ಟು, ಬೆಳಿಗ್ಗೆ ಮಜ್ಜಿಗೆ ಬೆರೆಸಿ ಈರುಳ್ಳಿ ಕಚ್ಚಿಕೊಂಡು ಊಟ. ಇದನ್ನು ಶಾಲೆಯಲ್ಲಿ ಯಾರಿಗೂ ಹೇಳಬೇಡ ಅಂತ ಅಮ್ಮ ಹೇಳುತ್ತಿದ್ದರು.

ಮೊನ್ನೆ ಮಗ ಒಂದು ಕೆಫೆಗೆ ಕರೆದುಕೊಂಡು ಹೋಗಿ "ಪ್ರೋಬಯಾಟಿಕ್ ರೈಸ್ ಬೌಲ್" ಕೊಡಿಸಿದ. 320 ರೂಪಾಯಿ. ಕರುಳಿಗೆ ಒಳ್ಳೆಯದಂತೆ. ಬಾಯಿಗಿಟ್ಟರೆ ಅಜ್ಜಿಯ ತಂಗಳನ್ನ! ಈರುಳ್ಳಿಯನ್ನು ಮಾತ್ರ ಬಳೆಯ ಹಾಗೆ ಕತ್ತರಿಸಿ ಮೇಲೆ ಜೋಡಿಸಿದ್ದರು. ಅದೇ ಬೆಳಿಗ್ಗೆ ನಮ್ಮ ಮನೆಯ ರಾತ್ರಿ ಅನ್ನವನ್ನು ಬಕೆಟ್ ತಿಂದಿತ್ತು. ಬಿಟ್ಟಿಯಾಗಿ.

ಇಷ್ಟೊಂದು ಪದಾರ್ಥ ಮನೆಗೆ ಬರುವುದಾದರೂ ಹೇಗೆ? ಹತ್ತು ನಿಮಿಷದಲ್ಲಿ ಬರುತ್ತದೆ. ಮೊದಲು ಬೀದಿ ಕೊನೆಯ ಸೊಪ್ಪಿನ ಅಜ್ಜಿ ಹತ್ತಿರ ಎರಡು ಕಟ್ಟು ದಂಟು ತಗೊಂಡರೆ ಕೊಸರು ಅಂತ ನಾಲ್ಕೆಳೆ ಕೊತ್ತಂಬರಿ, ಒಂದು ಕಡ್ಡಿ ಕರಿಬೇವು ಸಿಗುತ್ತಿತ್ತು. ನಾಲ್ಕೆಳೆ ಕೊಳೆಯುವ ಪ್ರಶ್ನೆಯೇ ಇಲ್ಲ, ಅವತ್ತಿನ ಸಾರಿಗೇ ಮುಗಿಯುತ್ತಿತ್ತು. ಈಗ ಆಪ್‌ನಲ್ಲಿ ಒಂದು ಪ್ಯಾಕೆಟ್ ಹಾಲು ಹಾಕಿದರೆ, ಇನ್ನು 60 ರೂಪಾಯಿಯ ಸಾಮಾನು ಸೇರಿಸಿ, 25 ರೂಪಾಯಿ ಡೆಲಿವರಿ ಉಳಿಸಿ ಅನ್ನುತ್ತದೆ. ನಾನು ಉಳಿತಾಯದ ಮನುಷ್ಯ. 25 ಉಳಿಸಲು 60ರ ಬ್ರೊಕೋಲಿ ತರಿಸುತ್ತೇನೆ. ಬ್ರೊಕೋಲಿಯನ್ನು ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ. ಆದರೆ ಅದು ಆಪ್‌ನ ಬುಟ್ಟಿಗೆ ಬಿದ್ದ ಕೂಡಲೇ ಮೈ ಹಗುರಾಗುತ್ತದೆ. ಅರ್ಧ ಕಿಲೋ ಇಳಿದೇಬಿಟ್ಟೆ ಅನ್ನಿಸುತ್ತದೆ. ಹಾಗೆ ನೋಡಿದರೆ ಆರೋಗ್ಯ ಬರುವುದು ತಿಂದಾಗ ಅಲ್ಲ, ಆರ್ಡರ್ ಮಾಡಿದಾಗ.

ಸಿರಿಧಾನ್ಯದ ಕಥೆ ಇನ್ನೂ ಚೆನ್ನಾಗಿದೆ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷ ಅಂತ ಸಾರಿತು. ಅದೇ ವರ್ಷದ ಕೇಂದ್ರ ಬಜೆಟ್‌ನಲ್ಲಿ ಅದಕ್ಕೆ "ಶ್ರೀ ಅನ್ನ" ಅಂತ ನಾಮಕರಣವೂ ಆಯಿತು. ದೇಶದಲ್ಲಿ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. ಮಂಡ್ಯ, ಹಾಸನ, ತುಮಕೂರಿನವರು ಯಾರ ಅಪ್ಪಣೆಯನ್ನೂ ಕಾಯದೆ ತಲೆತಲಾಂತರದಿಂದ ಮುದ್ದೆ ನುಂಗುತ್ತಲೇ ಇದ್ದಾರೆ. ನಾವು ಸಿಟಿಯವರು ಮಾತ್ರ ಮೇಳಕ್ಕೆ ಹೋಗಿ ನವಣೆ, ಸಾಮೆ, ಊದಲು, ಕೊರಲೆ, ಹಾರಕ ಅಂತ ಐದು ಪ್ಯಾಕೆಟ್ ತಂದು ಗಾಜಿನ ಡಬ್ಬಿಗಳಲ್ಲಿ ಸಾಲಾಗಿಟ್ಟು ಫೋಟೋ ತೆಗೆದೆವು. ಆಮೇಲೆ ಗೊತ್ತಾಯಿತು, ಇವನ್ನು ಏಳೆಂಟು ಗಂಟೆ ನೆನೆಸಬೇಕಂತೆ. ರಾತ್ರಿ ಹತ್ತಕ್ಕೆ ಭಕ್ತಿಯಿಂದ ನೆನೆಸುತ್ತೇವೆ. ಬೆಳಿಗ್ಗೆ ಎದ್ದರೆ ಟೈಮಿಲ್ಲ. ಮೂಲೆಯ ದರ್ಶಿನಿಯಲ್ಲಿ ಎರಡು ಇಡ್ಲಿ ಒಂದು ವಡೆ. ಸಂಜೆ ಮನೆಗೆ ಬಂದಾಗ ನೆನೆದ ಊದಲು ಗುಳುಗುಳು ಅಂತ ಮಾತಾಡುತ್ತಿರುತ್ತದೆ. ನೆನೆಯದೆ ಉಳಿದ ಪ್ಯಾಕೆಟ್‌ನಲ್ಲಿ ನುಸಿ ಸಂಸಾರ ಹೂಡಿರುತ್ತದೆ. ಸಿರಿಧಾನ್ಯ ವರ್ಷವನ್ನು ನಮ್ಮ ಮನೆಯಲ್ಲಿ ನಿಷ್ಠೆಯಿಂದ ಆಚರಿಸಿದ್ದು ನುಸಿ ಮತ್ತು ಬಕೆಟ್.

ಬಕೆಟ್ ಉಪವಾಸ ಬಿದ್ದಿದ್ದು ಒಂದೇ ಸಲ. 2023ರ ಜುಲೈ. ಟೊಮೆಟೊ ಕಿಲೋಗೆ ನೂರು ದಾಟಿತ್ತು. ಆ ತಿಂಗಳು ನನ್ನ ಹೆಂಡತಿ ಟೊಮೆಟೊಗಳನ್ನು ಎಣಿಸಿ ಇಡುತ್ತಿದ್ದಳು. ಮೆತ್ತಗಾದ ಟೊಮೆಟೊಗೂ ಗೌರವ ಸಿಕ್ಕಿತು. ಕೆಟ್ಟ ಭಾಗ ಇಷ್ಟೇ ಇಷ್ಟು ಕತ್ತರಿಸಿ ಉಳಿದಿದ್ದು ಸಾರಿಗೆ. ಸೆಪ್ಟೆಂಬರ್ ಹೊತ್ತಿಗೆ ಬೆಲೆ ಮಕಾಡೆ ಮಲಗಿತು. ರೈತರು ತಂದ ಹಣ್ಣನ್ನು ರಸ್ತೆಗೆ ಸುರಿದರು. ಅದನ್ನು ಟೀವಿಯಲ್ಲಿ ನೋಡಿ "ಛೇ, ಎಂಥ ಅನ್ಯಾಯ" ಅಂತ ಮರುಗುತ್ತಾ ನಾವೂ ಮೂರು ಟೊಮೆಟೊ ಎಸೆದೆವು.

ವಿಶ್ವಸಂಸ್ಥೆಯ ಪರಿಸರ ವಿಭಾಗದವರು 2024ರಲ್ಲಿ ಲೆಕ್ಕ ಕೊಟ್ಟಿದ್ದಾರೆ. 2022ರಲ್ಲಿ ಜಗತ್ತು ಎಸೆದ ಆಹಾರ 105 ಕೋಟಿ ಟನ್. ಅದರಲ್ಲಿ ನೂರಕ್ಕೆ 60 ಭಾಗ ಮನೆಗಳದ್ದೇ. ಹೋಟೆಲು, ಕೇಟರಿಂಗ್‌ನವರದ್ದು 28, ಅಂಗಡಿಗಳದ್ದು 12. ಭಾರತದ ಮನೆಗಳಲ್ಲಿ ತಲೆಗೆ ವರ್ಷಕ್ಕೆ 55 ಕಿಲೋ ಅಂತ ಅಂದಾಜು. ನಾಲ್ಕು ಜನರ ಮನೆಗೆ 220 ಕಿಲೋ. 25 ಕಿಲೋ ಅಕ್ಕಿ ಮೂಟೆಯ ತೂಕದಲ್ಲಿ ಹೇಳಿದರೆ ಹೆಚ್ಚುಕಮ್ಮಿ ಒಂಬತ್ತು ಮೂಟೆ. ಇದನ್ನು ಓದಿ ಹೇಳಿದಾಗ ಮನೆಯಲ್ಲಿ ಒಂದು ನಿಮಿಷ ಮೌನ. ಆಮೇಲೆ ಮಗ ಹುಡುಕಿ ಹೇಳಿದ, ಅದರಲ್ಲಿ ಸಿಪ್ಪೆ, ಬೀಜ, ಮೂಳೆಯೂ ಸೇರಿದೆಯಂತೆ. ಎಲ್ಲರೂ ನಿಟ್ಟುಸಿರು ಬಿಟ್ಟೆವು. ಹಾಗಾದರೆ ನಮ್ಮದೆಲ್ಲ ಬರೀ ಸಿಪ್ಪೆ, ಅಲ್ವಾ?

ಇನ್ನು ಮದುವೆ. ಇಲ್ಲಿ ಸ್ವಲ್ಪ ಕೂತು ಮಾತಾಡೋಣ.

ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹತ್ತು ವರ್ಷಕ್ಕೂ ಹಿಂದೆ 75 ಕಲ್ಯಾಣ ಮಂಟಪಗಳನ್ನು ಸುತ್ತಿ ನೋಡಿ, ಈ ನಗರದ ಮದುವೆಗಳಲ್ಲಿ ವರ್ಷಕ್ಕೆ 943 ಟನ್ ಒಳ್ಳೆಯ ಊಟ ದಂಡವಾಗುತ್ತದೆ ಅಂತ ಅಂದಾಜು ಮಾಡಿದ್ದರು. ಆಗಿನ್ನೂ ಲೈವ್ ಕೌಂಟರ್‌ಗಳು ಇಷ್ಟೊಂದು ಇರಲಿಲ್ಲ ಅನ್ನುವುದನ್ನು ನೆನಪಿಡಿ. ಈಗಿನ ಆರತಕ್ಷತೆಗೆ ಹೋದರೆ ಬಾಗಿಲಲ್ಲೇ ಚಾಟ್, ಆಮೇಲೆ ದೋಸೆ, ಪಾಸ್ತಾ, ಬೀಡಾ, ಕೊನೆಗೆ ಕಾಟನ್ ಕ್ಯಾಂಡಿ. ನಡುವೆ ಕಲ್ಲಂಗಡಿಯಲ್ಲಿ ಕೆತ್ತಿದ ಗಣಪತಿಯೂ ಕ್ಯಾರೆಟ್ಟಿನ ಹಂಸವೂ ಕಾವಲಿರುವ ಸಲಾಡ್ ಟೇಬಲ್. ಅಲ್ಲಿ ಮಾತ್ರ ಕ್ಯೂ ಇರುವುದಿಲ್ಲ. ಅದು ಕ್ಯಾಮೆರಾದವರಿಗೆ ಬಡಿಸಿದ್ದು.

ಕ್ಯೂನಲ್ಲಿ ನನ್ನ ಹಿಂದೆ ನಿಂತಿದ್ದ ನೆಂಟರೊಬ್ಬರು ತಾವು ಸಂಜೆ ಆರರ ಮೇಲೆ ಏನೂ ತಿನ್ನುವುದಿಲ್ಲ, ಇಂಟರ್‌ಮಿಟೆಂಟ್ ಫಾಸ್ಟಿಂಗ್ ಅಂತ ವಿವರಿಸುತ್ತಿದ್ದರು. ಆಗ ರಾತ್ರಿ ಒಂಬತ್ತೂವರೆ. ಅವರ ತಟ್ಟೆಯಲ್ಲಿ ಜಾಗವಿರಲಿಲ್ಲ. "ಟೇಸ್ಟ್ ನೋಡೋಣ ಅಂತ ಅಷ್ಟೇ" ಅಂದರು. ನೋಡಿದರು, ನಿಜ. ನೋಡಿ ಹಾಗೇ ಬಿಟ್ಟರು. ಉಪವಾಸಕ್ಕೆ ಅವರ ಫೋನಿನಲ್ಲಿ ಒಂದು ಆಪ್ ಇದೆ, ತಿಂಗಳಿಗೆ ಇಷ್ಟು ಅಂತ ಚಂದಾ ಕಟ್ಟುತ್ತಾರೆ. 1965ರಲ್ಲಿ ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿಯವರು ವಾರಕ್ಕೊಂದು ಹೊತ್ತು ಊಟ ಬಿಡಿ ಅಂದಾಗ ನಮ್ಮಪ್ಪ ಕಾಲೇಜು ಹುಡುಗ. ಸೋಮವಾರ ರಾತ್ರಿ ನೀರು ಕುಡಿದು ಮಲಗುತ್ತಿದ್ದರಂತೆ. ಚಂದಾ ಕೇಳಿದವರು ಯಾರೂ ಇರಲಿಲ್ಲ.

ಮಾರನೇ ದಿನದ ಮುಹೂರ್ತದ ಊಟ ಎಲೆಯಲ್ಲಿ. ಕೋಸಂಬರಿ, ಪಲ್ಯ, ಗೊಜ್ಜು, ತೊವ್ವೆ, ಚಿತ್ರಾನ್ನ, ಬೋಂಡಾ. ಅನ್ನ ಬರುವಷ್ಟರಲ್ಲಿ ಎಲೆ ತುಂಬಿ ನಮ್ಮ ಹೊಟ್ಟೆಯೂ ತುಂಬಿರುತ್ತದೆ. ಬಡಿಸುವವರು ಓಡುತ್ತಾ ಬಡಿಸುತ್ತಾರೆ, ಬೇಡ ಅಂತ ಬಾಯಿ ತೆರೆಯುವಷ್ಟರಲ್ಲಿ ಎರಡು ಹೋಳಿಗೆ ಬಿದ್ದಾಗಿರುತ್ತದೆ. ಕೈ ಅಡ್ಡ ಹಿಡಿದರೆ ಹುಡುಗಿಯ ಚಿಕ್ಕಪ್ಪ ಬಂದು "ಏನ್ ಸ್ವಾಮಿ, ಸಂಕೋಚ ಮಾಡ್ಕೋತೀರಾ? ಹಾಕ್ರೀ ಇವರಿಗೆ!" ಅನ್ನುತ್ತಾರೆ. ತಿನ್ನಲಾಗದಿದ್ದರೆ ಎಲೆ ಮಡಚಿದರಾಯಿತು. ಎಷ್ಟು ಮರ್ಯಾದಸ್ಥ ಮುಚ್ಚಳ ನೋಡಿ ಅದು! ಅದರಡಿ ಒಂದು ಹೋಳಿಗೆ, ಎರಡು ಸೌಟು ಅನ್ನ, ಇಡೀ ಬೋಂಡಾ ಯಾರ ಕಣ್ಣಿಗೂ ಬೀಳದೆ ಹೊರಟುಹೋಗುತ್ತವೆ.

ಅಕ್ಕಿ ಮೇಲೆ ಆಸೆ, ನೆಂಟರ ಮೇಲೆ ಪ್ರೀತಿ ಅನ್ನುತ್ತಿದ್ದರು. ಈಗ ಅಕ್ಕಿ ಮೇಲೆ ಆಸೆಯೂ ಇಲ್ಲ, ನೆಂಟರ ಮೇಲೆ ಪ್ರೀತಿಯೂ ಇಲ್ಲ. ಇರುವುದು ಎಲೆ ಲೆಕ್ಕ. ಆರು ನೂರು ಎಲೆಗೆ ಮಾತಾಡಿದ್ದು, ನಾಲ್ಕು ನೂರು ಜನ ಬಂದರು. ಉಳಿದಿದ್ದನ್ನು ಯಾವುದಾದರೂ ಆಶ್ರಮಕ್ಕೆ ಕೊಡೋಣ ಅಂತ ಮಧ್ಯಾಹ್ನ ನಾಲ್ಕಕ್ಕೆ ಯಾರಿಗೋ ನೆನಪಾಯಿತು. ಫೋನ್ ನಂಬರ್ ಹುಡುಕಿದಾಗ ಐದಾಯಿತು. ಅಷ್ಟರಲ್ಲಿ ಮಂಟಪ ಖಾಲಿ ಮಾಡುವ ಹೊತ್ತು. ಹುಳಿ ಹಳಸಿತ್ತು.

ಇಷ್ಟೆಲ್ಲ ಆದ ಮೇಲೆ ನನಗೂ ನಾಚಿಕೆಯಾಗಿ ಒಂದು ನಿರ್ಧಾರಕ್ಕೆ ಬಂದೆ. ಕಡಿಮೆ ಕೊಳ್ಳಬೇಕು ಅಂತ ಅಲ್ಲ, ಅಷ್ಟು ದೂರ ಹೋಗಲಿಲ್ಲ. ಒಂದು ಕಾಂಪೋಸ್ಟ್ ಡಬ್ಬ ಕೊಂಡೆ. ಮೂರಂತಸ್ತಿನದು, ನಲ್ಲಿಯೂ ಇದೆ. ಜೊತೆಗೆ ತೆಂಗಿನ ನಾರಿನ ಪುಡಿ, ಹುಳಿ ಬರಿಸುವ ಪುಡಿ, ಕೈಗವಸು, ಕೆದಕಲು ಪುಟ್ಟ ಸಲಿಕೆ. ಎಲ್ಲ ಸೇರಿ ಮೂರು ಸಾವಿರ ಚಿಲ್ಲರೆ. ಬ್ರೊಕೋಲಿ ಈಗ ಕಸವಲ್ಲ, ಕಚ್ಚಾವಸ್ತು. ಡಬ್ಬಕ್ಕೆ ಏನಾದರೂ ಬೇಕಲ್ಲ ಅಂತ ವಾರಕ್ಕೆ ಎರಡು ತರಿಸಿದೆವು.

ಎರಡು ತಿಂಗಳಿಗೆ ಗೊಬ್ಬರ ಬಂತು. ಕುಂಡಕ್ಕೆ ಹಾಕಿ ಕೊತ್ತಂಬರಿ ಬಿತ್ತಿದೆ. ಐದಾರು ವಾರಕ್ಕೆ ಒಂದು ಹಿಡಿ ಬೆಳೆಯಿತು. ಎಂಥ ಪರಿಮಳ ಅಂತೀರಿ! ಇದನ್ನು ಸುಮ್ನೆ ಸಾರಿಗೆ ಹಾಕಲು ಮನಸ್ಸಾಗಲಿಲ್ಲ. ಯಾವುದಾದರೂ ವಿಶೇಷ ದಿನಕ್ಕಿರಲಿ ಅಂತ ಕಿತ್ತು, ಬಟ್ಟೆಯಲ್ಲಿ ಸುತ್ತಿ, ಡಬ್ಬಿಗೆ ಹಾಕಿ ಫ್ರಿಜ್ಜಿನ ಹಿಂದಿನ ಸಾಲಿನಲ್ಲಿಟ್ಟೆ.

ಅದು ಕಪ್ಪಾದ ವಾರವೇ ಡಬ್ಬದ ನಲ್ಲಿ ಕಟ್ಟಿಕೊಂಡು ಮನೆಯೆಲ್ಲ ನಾತ ಹೊಡೆಯಿತು. ಹೆಂಡತಿ ಡಬ್ಬವನ್ನು ತಾರಸಿಗೆ ಸಾಗಿಸಿದಳು. ಮಾರನೇ ಬೆಳಿಗ್ಗೆ ಏಳೂಕಾಲಿಗೆ ಮತ್ತೆ ಹಸಿರು ಬಕೆಟ್ ಹಿಡಿದು ರಸ್ತೆಗಿಳಿದೆ. ಆಟೋ ಅಕ್ಕ ನನ್ನನ್ನು ನೋಡಿ ಮುಖ ಅರಳಿಸಿದರು.

"ಏನ್ ಸಾ, ಕಾಣ್ಲೇ ಇಲ್ಲ? ಇಷ್ಟು ದಿನ ಊರಾಗ್ ಇರ್ಲಿಲ್ವಾ?"